ಮೊದಲು ನೀರು, ಆಮೇಲೆ ಪ್ರೋಗ್ರಾಂ

ಪೀಣ್ಯದ ಸಣ್ಣ ಶೆಡ್‌ಗಳಲ್ಲಿ ಡೈ ಕೆಲಸ ಮಾಡುವ ನಮ್ಮಂಥವರಿಗೆ ಹೊಸ ವೈರ್‌ಕಟ್ ಮೆಷಿನ್ ಕೈಗೆಟುಕುವುದು ಕಷ್ಟ. ದೊಡ್ಡ ಟೂಲ್ ರೂಮ್‌ಗಳಲ್ಲಿ ವರ್ಷಗಟ್ಟಲೆ ದುಡಿದ ಮೆಷಿನ್‌ಗಳೇ ಸೆಕೆಂಡ್‌ಹ್ಯಾಂಡ್ ಆಗಿ ನಮ್ಮಲ್ಲಿಗೆ ಬರುತ್ತವೆ. ನನ್ನ ಶೆಡ್‌ನಲ್ಲಿರುವುದೂ ಅಂಥದ್ದೇ. ಕೆಲಸ ಕಲಿಯಲು ಬರುವ ಹುಡುಗರು ಸೀದಾ ಸ್ಕ್ರೀನ್ ಮುಂದೆ ಕೂರುತ್ತಾರೆ. ನಾನು ಅವರನ್ನು ಎಬ್ಬಿಸಿ ನೀರಿನ ಟ್ಯಾಂಕ್ ಹತ್ತಿರ ಕರೆದೊಯ್ಯುತ್ತೇನೆ. ಹಳೇ ಮೆಷಿನ್‌ನ ಪಾಠ ಶುರುವಾಗಬೇಕಾದದ್ದು ಅಲ್ಲಿಂದಲೇ.

ವೈರ್‌ಕಟ್‌ನಲ್ಲಿ ಹಿತ್ತಾಳೆ ತಂತಿ ಉಕ್ಕನ್ನು ಮುಟ್ಟಿ ಕೊಯ್ಯುವುದಿಲ್ಲ. ಸಾಮಾನ್ಯವಾಗಿ 0.25 ಮಿ.ಮೀ. ದಪ್ಪದ ತಂತಿ, ಅದಕ್ಕೂ ಕೊಯ್ಯಬೇಕಾದ ಜಾಬ್‌ಗೂ ನಡುವೆ ಕೂದಲಿಗಿಂತ ಕಿರಿದಾದ ಸಂದು. ಆ ಸಂದಿನಲ್ಲಿ ಸೆಕೆಂಡಿಗೆ ಸಾವಿರಾರು ಕಿಡಿಗಳು ಹಾರುತ್ತವೆ. ಒಂದೊಂದು ಕಿಡಿಯೂ ಉಕ್ಕಿನ ಒಂದು ಕಣವನ್ನು ಕರಗಿಸಿ ಕೀಳುತ್ತದೆ. ಹಾರ್ಡನಿಂಗ್ ಮುಗಿಸಿ 60 ಎಚ್‌ಆರ್‌ಸಿ ಗಡಸುತನ ತಲುಪಿದ ಡಿ2 ಉಕ್ಕನ್ನೂ ಹೀಗೆ ಕೊಯ್ಯಬಹುದು. ಅದರಲ್ಲಿ ವಿದ್ಯುತ್ ಹರಿದರೆ ಸಾಕು. ಈ ವಿದ್ಯೆಗೆ 1943ರಲ್ಲಿ ಅಡಿಪಾಯ ಹಾಕಿದವರು ಸೋವಿಯತ್ ವಿಜ್ಞಾನಿ ದಂಪತಿ ಬೋರಿಸ್ ಮತ್ತು ನಟಾಲಿಯಾ ಲಜರೆಂಕೊ. ಕಿಡಿಯಿಂದ ಸ್ವಿಚ್ ಕಾಂಟ್ಯಾಕ್ಟ್‌ಗಳು ಸವೆಯುವುದನ್ನು ತಡೆಯಲು ಹೊರಟಿದ್ದವರು, ಕೊನೆಗೆ ಆ ಸವೆತವನ್ನೇ ಕೆಲಸಕ್ಕೆ ಹಚ್ಚಿದರು.

ಆ ಸಂದನ್ನು ಆಳುವುದು ನೀರು. ಕಿಡಿ ಹಾರುವ ಕ್ಷಣದವರೆಗೆ ಕರೆಂಟನ್ನು ತಡೆಹಿಡಿಯಬೇಕು, ತಂತಿಯನ್ನು ತಂಪಾಗಿಡಬೇಕು, ಕರಗಿದ ಕಣಗಳನ್ನು ತೊಳೆದೊಯ್ಯಬೇಕು. ನೀರಿನಲ್ಲಿ ಲವಣ ಸೇರಿದರೆ ಕರೆಂಟು ಸೋರಿಹೋಗಿ ಕಟ್ಟಿಂಗ್ ಹದಗೆಡುತ್ತದೆ, ಜಾಬ್ ತುಕ್ಕು ಹಿಡಿಯುತ್ತದೆ. ಆದ್ದರಿಂದಲೇ ನೀರು ರೆಸಿನ್ ತುಂಬಿದ ಸಿಲಿಂಡರ್ ಮೂಲಕ ಹಾದು ಶುದ್ಧವಾಗುತ್ತದೆ. ನಮ್ಮ ಬೋರ್‌ವೆಲ್ ನೀರನ್ನು ಹಾಗೇ ಸುರಿದರೆ ರೆಸಿನ್ ಬೇಗ ಸತ್ತುಹೋಗುತ್ತದೆ. ರೆಸಿನ್ ಪಂಪ್ ಓಡುತ್ತಿದ್ದರೂ ಕಂಡಕ್ಟಿವಿಟಿ ಮೀಟರ್ ಇಳಿಯದಿದ್ದರೆ ಮೊದಲ ಅನುಮಾನ ರೆಸಿನ್ ಮೇಲೆ. ಫಿಲ್ಟರ್ ಗೇಜ್‌ನಲ್ಲಿ ಒತ್ತಡ ಏರುತ್ತಾ ಹೋದರೆ ಫಿಲ್ಟರ್ ಕಟ್ಟಿಕೊಂಡಿದೆ ಎಂದರ್ಥ. ಈ ಎರಡು ಮೀಟರ್ ಓದಲು ಬಾರದವರ ಕೈಗೆ ನಾನು ಪ್ರೋಗ್ರಾಂ ಕೊಡುವುದಿಲ್ಲ.

ಎರಡನೇ ಪಾಠ ತಂತಿಯ ದಾರಿ. ಮೇಲಿನ, ಕೆಳಗಿನ ಹೆಡ್‌ಗಳಲ್ಲಿ ತಂತಿಗೆ ಕರೆಂಟು ಕೊಡುವ ಪುಟ್ಟ ಕಾರ್ಬೈಡ್ ಕಾಂಟ್ಯಾಕ್ಟ್ ಇರುತ್ತದೆ. ಅದನ್ನು ಬಿಚ್ಚಿ ಬೆಳಕಿಗೆ ಹಿಡಿದರೆ ತಂತಿ ಉಜ್ಜಿದ ಜಾಗದಲ್ಲಿ ಗೀರು ಕಾಣುತ್ತದೆ. ಗೀರು ಆಳವಾದಷ್ಟೂ ತಂತಿ ಅಲ್ಲೇ ಸಿಕ್ಕಿ ತುಂಡಾಗುತ್ತದೆ. ಕಾಂಟ್ಯಾಕ್ಟನ್ನು ಚೂರು ಸರಿಸಿ ಹೊಸ ಮುಖ ಕೊಟ್ಟರೆ ಮತ್ತೆ ಕೆಲಸಕ್ಕೆ ಬರುತ್ತದೆ. "ಜನರೇಟರ್ ಹೋಗಿದೆ" ಎಂದು ಬೋರ್ಡ್ ಬಿಚ್ಚುವ ಮುನ್ನ ಇದನ್ನು ನೋಡಲೇಬೇಕು. ಕಟ್ಟಿಂಗ್ ನಡೆಯುವಾಗ ಮಾತ್ರ ತಂತಿಯನ್ನು ಕೈಯಲ್ಲಿ ಮುಟ್ಟಕೂಡದು. ಅದರಲ್ಲಿ ಕರೆಂಟು ಇರುತ್ತದೆ.

ಮೂರನೇ ಪಾಠ ಅಳತೆ. ಐಟಿಐ ಮುಗಿಸಿ ಬಂದ ಹುಡುಗಿಯೊಬ್ಬಳು ಕೇಳಿದಳು: "ಸರ್, ಆಫ್‌ಸೆಟ್ ಎಷ್ಟು ಹಾಕ್ಲಿ?"

"ಮೊದಲು ಜೀರೋ ಹಾಕಮ್ಮ. ಕಟ್ ಮಾಡಿ ಅಳತೆ ತಗೋ, ಮೆಷಿನ್ನೇ ಹೇಳುತ್ತೆ."

ಆಫ್‌ಸೆಟ್ ಎಂದರೆ ಕೊಯ್ಯುವ ಗೆರೆಯಿಂದ ತಂತಿಯನ್ನು ಸರಿಸಿಡುವ ದೂರ. ಅದಿಲ್ಲದೆ 10 ಮಿ.ಮೀ. ಚೌಕದ ಪಂಚ್ ಕೊಯ್ದಾಗ ಮೈಕ್ರೋಮೀಟರ್ 9.69 ತೋರಿಸಿತು ಅನ್ನೋಣ. ಕಡಿಮೆಯಾದದ್ದು 0.31, ಅದರ ಅರ್ಧ 0.155. ಇದರಲ್ಲಿ 0.125 ತಂತಿಯ ಅರ್ಧ ದಪ್ಪ, ಉಳಿದ 0.03 ಕಿಡಿಯ ಸಂದು. ಜಾಬ್‌ನ ಆ ದಪ್ಪ, ಆ ಲೋಹ, ಆ ಕರೆಂಟಿಗೆ ಇದೇ ಆಫ್‌ಸೆಟ್. ನಂತರ ಅದೇ ಪಂಚನ್ನು ಮೇಲೆ, ಮಧ್ಯೆ, ಕೆಳಗೆ ಅಳೆಯಬೇಕು. ಮಧ್ಯದಲ್ಲಿ ಅಳತೆ ಬದಲಾದರೆ ತಂತಿಯ ಟೆನ್ಶನ್, ಸಂದಿಗೆ ನೀರು ಹಾಯಿಸುವ ಫ್ಲಶಿಂಗ್ ನೋಡಬೇಕು. ಟ್ರೈ ಸ್ಕ್ವೇರ್ ಇಟ್ಟಾಗ ಮುಖ ವಾಲಿದ್ದರೆ ತಂತಿ ನೆಟ್ಟಗಿಲ್ಲ. ಕೈಬರಹದ ನೋಟ್‌ಬುಕ್‌ನಲ್ಲಿ ಇವನ್ನೆಲ್ಲ ಬರೆದಿಡುವುದು ನಮ್ಮ ಶೆಡ್‌ನ ನಿಯಮ. ಸವೆದ ಮೆಷಿನ್‌ಗೆ ಕಂಪನಿಯ ಟೇಬಲ್‌ಗಿಂತ ಈ ನೋಟ್‌ಬುಕ್ಕೇ ಹೆಚ್ಚು ನಂಬಿಕೆಗೆ ಅರ್ಹ.

ಖರ್ಚಿನ ಲೆಕ್ಕವೂ ಆಪರೇಟರ್‌ಗೆ ಗೊತ್ತಿರಬೇಕು. 5 ಕೆ.ಜಿ. ಸ್ಪೂಲ್‌ನಲ್ಲಿ ಸುಮಾರು 12 ಕಿ.ಮೀ. ತಂತಿ ಇರುತ್ತದೆ. ನಿಮಿಷಕ್ಕೆ 8 ಮೀಟರ್ ಓಡಿದರೆ 25 ಗಂಟೆಯಲ್ಲಿ ಖಾಲಿ. ಒಮ್ಮೆ ಓಡಿದ ತಂತಿ ಗುಜರಿಗೇ. ಇನ್ನೊಂದು ಎಚ್ಚರ: ಡೈ ಕೊಯ್ಯುವಾಗ ಕೊನೆಯ ಒಂದೆರಡು ಮಿ.ಮೀ. ಬಿಟ್ಟು ಮೆಷಿನ್ ನಿಲ್ಲಿಸಿ, ಒಳಗಿನ ತುಂಡಿಗೆ ಆಸರೆ ಕೊಟ್ಟು ಮುಂದುವರಿಸಬೇಕು. ಇಲ್ಲದಿದ್ದರೆ ಅದು ಬಿದ್ದು ಕೆಳಗಿನ ನಾಝಲ್ ಒಡೆಯಬಹುದು.

ಸೆಕೆಂಡ್‌ಹ್ಯಾಂಡ್ ಮೆಷಿನ್ ನೋಡಲು ಹೋಗುವವರು ಒಂದು ತುಂಡು ಉಕ್ಕು, ಮೈಕ್ರೋಮೀಟರ್ ಜೊತೆಗೆ ಒಯ್ಯಿರಿ. ಎದುರಿಗೇ ಚೌಕ ಕೊಯ್ಯಿಸಿ ಅಳೆಯಿರಿ. ಮೆಮೊರಿ ಬ್ಯಾಟರಿ ಯಾವಾಗ ಬದಲಿಸಿದ್ದು, ಪ್ಯಾರಾಮೀಟರ್ ನಕಲು ಇದೆಯೇ ಎಂದು ಕೇಳಿ. ಬ್ಯಾಟರಿ ಸತ್ತು ಪ್ಯಾರಾಮೀಟರ್ ಅಳಿಸಿಹೋದರೆ ಎಂಥ ಒಳ್ಳೆಯ ಮೆಷಿನ್ನೂ ನಿಂತುಬಿಡುತ್ತದೆ. ನೀರು, ತಂತಿ, ಅಳತೆ ಈ ಮೂರನ್ನು ಹಳೇ ಮೆಷಿನ್ ಮೇಲೆ ಕಲಿತವರು ನಾಳೆ ಹೊಸ ಮೆಷಿನ್ ಮುಂದೆ ನಿಂತರೂ ತಡವರಿಸುವುದಿಲ್ಲ. ಅಂಥ ಆಪರೇಟರ್‌ಗಳು ನಮ್ಮ ಸಣ್ಣ ಶೆಡ್‌ಗಳಿಂದಲೇ ತಯಾರಾಗಬೇಕು ಎಂಬುದು ನನ್ನ ಆಸೆ.