ಶಿಡ್ಲಘಟ್ಟದಲ್ಲಿ ಉಮ್ಮನ ಜೊತೆ ನೋಡಿದ ಸಿನೆಮಾಗಳು

ಈ ಕಡೆ ಬಂದು ಆರು ವರ್ಷವಾದರೂ ಜನ ಕೇಳುವ ಮೊದಲ ಪ್ರಶ್ನೆ ಬದಲಾಗಿಲ್ಲ. ‘ಬ್ಯಾರಿ ಅಂದ್ರೆ ಏನು ಭಾಯ್, ಬ್ಯಾಪಾರಿನಾ?’ ಹೌದು ಎಂದರೂ ತಪ್ಪಲ್ಲ, ವ್ಯಾಪಾರ ಎಂಬ ಅರ್ಥದ ತುಳುವಿನ ‘ಬ್ಯಾರ’ದಿಂದಲೇ ನಮ್ಮ ಹೆಸರು ಬಂತು ಎನ್ನುವವರಿದ್ದಾರೆ. ಆಮೇಲೆ ಎರಡನೇ ಪ್ರಶ್ನೆ: ‘ಮನೇಲಿ ಉರ್ದು ಮಾತಾಡಲ್ವಾ?’ ಇಲ್ಲ ಎಂದರೆ ಮುಖ ನೋಡುತ್ತಾರೆ. ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು, ಚಿಕ್ಕಬಳ್ಳಾಪುರ ಎಲ್ಲಿ ಹೋದರೂ ಮುಸ್ಲಿಮರ ಮನೆಮಾತು ದಖನಿ, ಪೇಟೆಯ ಮಾತು ಅರ್ಧ ಕನ್ನಡ, ಅರ್ಧ ತೆಲುಗು. ಸಿನೆಮಾ ಅಂದರೆ ಇಲ್ಲಿ ತೆಲುಗು ಸಿನೆಮಾ ಎಂದೇ ಬಹಳ ಮಂದಿಯ ಲೆಕ್ಕ. ಗೌರಿಬಿದನೂರಿನಲ್ಲಿರುವ ನಮ್ಮೂರಿನ ಗೆಳೆಯರೊಬ್ಬರು ಹೇಳುವಂತೆ, ಗಡಿಯಾಚೆಯ ಹಿಂದೂಪುರದಲ್ಲಿ ಶಾಸಕರಾಗಿರುವುದು ನಂದಮೂರಿ ಬಾಲಕೃಷ್ಣ, ಹಾಗಾಗಿ ಬಾಲಯ್ಯನ ಸಿನೆಮಾ ಬಂದ ದಿನ ಅಂಗಡಿ ಹುಡುಗರು ರಜೆ ಕೇಳುವುದೇ ಇಲ್ಲ, ಸುಮ್ಮನೆ ಬರುವುದಿಲ್ಲ.

ಇಂಥ ಊರಿಗೆ ಉಳ್ಳಾಲದಿಂದ ಉಮ್ಮ ಎರಡು ತಿಂಗಳಿಗೆಂದು ಬಂದರು. ಅವರಿಗೆ ಬ್ಯಾರಿ, ತುಳು, ಒಂದಿಷ್ಟು ಕನ್ನಡ. ಪಕ್ಕದ ಮನೆ ಖಾಲಾಗೆ ದಖನಿ, ತೆಲುಗು, ಒಂದಿಷ್ಟು ಕನ್ನಡ. ಖಾಲಾ ಅವರದ್ದು ರೀಲರ್ ಮನೆತನ. ಬೆಳಗ್ಗೆ ಗೂಡಿನ ಮಾರುಕಟ್ಟೆ, ಆಮೇಲೆ ಬಿಸಿನೀರಿನ ಬೇಸಿನ್, ಸಂಜೆಯವರೆಗೆ ನೂಲು. ರಾತ್ರಿ ಊಟವಾದ ಮೇಲೆ ಇಬ್ಬರೂ ನಮ್ಮ ಹಾಲ್‌ನಲ್ಲಿ ಟಿವಿ ಮುಂದೆ ಕೂರುವುದು ಅಭ್ಯಾಸವಾಯಿತು. ಯಾವುದು ಹಾಕಬೇಕು ಎಂಬ ಕೆಲಸ ನನ್ನ ತಲೆಗೆ ಬಿತ್ತು.

ಮೊದಲು ಹಾಕಿದ್ದು ಮಲಯಾಳಂನ ‘ಸುಡಾನಿ ಫ್ರಮ್ ನೈಜೀರಿಯಾ’. ಝಕರಿಯಾ ಮುಹಮ್ಮದ್ ನಿರ್ದೇಶಿಸಿದ 2018ರ ಚಿತ್ರ. ಮಲಪ್ಪುರಂನಲ್ಲಿ ಸೆವೆನ್ಸ್ ಫುಟ್ಬಾಲ್ ತಂಡ ನಡೆಸುವ ಮಜೀದ್, ಅವನ ತಂಡದಲ್ಲಿ ಆಡಲು ಬಂದು ಕಾಲು ಮುರಿದುಕೊಂಡ ನೈಜೀರಿಯಾದ ಸ್ಯಾಮುವೆಲ್, ಅವನನ್ನು ಮನೆಯಲ್ಲಿಟ್ಟು ನೋಡಿಕೊಳ್ಳುವ ಮಜೀದನ ಉಮ್ಮ ಮತ್ತು ನೆರೆಮನೆಯ ಅಜ್ಜಿ. ಉಮ್ಮನಿಗೆ ಮುಕ್ಕಾಲು ಪಾಲು ಮಾತು ಹಾಗೇ ಅರ್ಥವಾಯಿತು. ಅವರು ಖಾಲಾಗೆ ಕನ್ನಡದಲ್ಲಿ ಹೇಳುವುದು, ಖಾಲಾ ಸೊಸೆಗೆ ದಖನಿಯಲ್ಲಿ ಹೇಳುವುದು. ತೆರೆಯ ಮೇಲೂ ಅದೇ ನಡೆಯುತ್ತಿತ್ತು ನೋಡಿ, ಭಾಷೆ ಬಾರದ ಹುಡುಗನಿಗೆ ಎರಡು ಮುದುಕಿಯರು ಮಲಬಾರ್ ಮಾತಿನಲ್ಲೇ ಸಮಾಧಾನ ಹೇಳುವುದು! ಆ ಇಬ್ಬರು ನಟಿಯರು, ಸಾವಿತ್ರಿ ಶ್ರೀಧರನ್ ಮತ್ತು ಸರಸಾ ಬಾಲುಶ್ಶೇರಿ, ನಾಟಕರಂಗದಿಂದ ಬಂದವರು. ನಟಿಸುತ್ತಿದ್ದಾರೆ ಎಂದು ಅನಿಸುವುದೇ ಇಲ್ಲ.

ಆದರೆ ಈ ಚಿತ್ರದಲ್ಲಿ ನನಗೆ ದೊಡ್ಡದಾಗಿ ಕಂಡದ್ದು ಫುಟ್ಬಾಲೂ ಅಲ್ಲ, ಸ್ಯಾಮುವೆಲನೂ ಅಲ್ಲ. ಮಜೀದನ ಉಮ್ಮ ಎರಡನೇ ನಿಕಾಹ್ ಆದವಳು. ಆ ಗಂಡ ಬಡ ವಾಚ್‌ಮನ್, ಮನೆಗೆ ಬಂದರೆ ಮಗ ಮುಖ ತಿರುಗಿಸುತ್ತಾನೆ. ಆ ಮುದುಕ ಬಂದಷ್ಟೇ ಮೆಲ್ಲಗೆ ಎದ್ದು ಹೋಗುತ್ತಾನೆ. ನಮ್ಮಲ್ಲೂ ವಿಧವೆಯ ಮರುಮದುವೆಗೆ ದೀನಿನಲ್ಲಿ ಅಡ್ಡಿಯಿಲ್ಲ, ಅಡ್ಡಿ ಇರುವುದು ಗಂಡುಮಕ್ಕಳ ಮುಖದಲ್ಲಿ. ಉಮ್ಮ ಆ ದೃಶ್ಯ ನೋಡಿ ಏನೂ ಹೇಳಲಿಲ್ಲ. ಮರುದಿನ ಚಹಾ ಕುಡಿಯುವಾಗ, ‘ಆ ಹುಡುಗ ಉಮ್ಮನ ಗಂಡನನ್ನು ಮೊದಲೇ ಒಳಗೆ ಕರೆದಿದ್ದರೆ ಏನು ಹೋಗುತ್ತಿತ್ತು’ ಎಂದರು.

ಇದೇ ನಿರ್ದೇಶಕರ 2020ರ ‘ಹಲಾಲ್ ಲವ್ ಸ್ಟೋರಿ’ಯನ್ನೂ ಹಾಕಿದೆ. ಧಾರ್ಮಿಕ ಸಂಘಟನೆಯವರು ಸೇರಿ ಹಲಾಲ್ ಆದ ಟೆಲಿಫಿಲ್ಮ್ ಮಾಡಲು ಹೊರಟು, ಗಂಡ-ಹೆಂಡತಿ ಪಾತ್ರಕ್ಕೆ ನಿಜವಾದ ಗಂಡ-ಹೆಂಡತಿಯನ್ನೇ ಹುಡುಕುವ ಕಥೆ. ನಗಿಸುತ್ತದೆ, ಯಾರನ್ನೂ ಗೇಲಿ ಮಾಡುವುದಿಲ್ಲ. ‘ಸಿನೆಮಾ ಹರಾಂ ಅಲ್ವಾ’ ಎಂದು ಕೇಳುವವರು ನಮ್ಮಲ್ಲೂ ಇದ್ದಾರೆ, ಅವರ ಜೇಬಿನ ಫೋನಿನಲ್ಲಿ ರೀಲ್ಸ್ ಓಡುತ್ತಿರುತ್ತದೆ. ಆ ಚರ್ಚೆ ಇಲ್ಲಿಗೇ ಸಾಕು. ಖಾಲಾಗೆ ಮಾತ್ರ ಇದು ರುಚಿಸಲಿಲ್ಲ. ‘ನಕ್ಕೋ ಭಾಯ್, ಬಹಳ ಮಾತು’ ಎಂದು ನಡುವೆಯೇ ಎದ್ದುಹೋದರು. ಅವರ ಮಕ್ಕಳಿಗೆ ಇಂದಿಗೂ ‘ದಿ ಅಂಗ್ರೇಜ್’ ಬಿಟ್ಟರೆ ಬೇರೆ ಸಿನೆಮಾ ಇಲ್ಲ. ಹೈದರಾಬಾದಿ ದಖನಿಯ ಬೈಗುಳ ಕೇಳಿ ತಮ್ಮ ಮನೆಯ ಮಾತೇ ತೆರೆಗೆ ಬಂತು ಎಂದು ಹಿಗ್ಗುತ್ತಾರೆ. ಆ ಹಿಗ್ಗು ನಮಗೆ ಎಲ್ಲಿ ಸಿಗುತ್ತದೆ ಎಂಬುದಕ್ಕೆ ಆಮೇಲೆ ಬರುತ್ತೇನೆ.

ಹಾಲ್‌ನಲ್ಲಿ ನಿಜವಾಗಿ ಗದ್ದಲವೆದ್ದದ್ದು ‘ಹಕ್’ ನೋಡಿದ ರಾತ್ರಿ. 2025ರ ನವೆಂಬರ್‌ನಲ್ಲಿ ಬಂದ ಹಿಂದಿ ಚಿತ್ರ, ನಿರ್ದೇಶನ ಸುಪರ್ಣ್ ವರ್ಮಾ. ಯಾಮಿ ಗೌತಮ್ ಮತ್ತು ಇಮ್ರಾನ್ ಹಾಶ್ಮಿ ಗಂಡ-ಹೆಂಡತಿ. ಶಾಬಾನು ಮೊಕದ್ದಮೆಯಿಂದ ಪ್ರೇರಿತ. ಗಂಡ ವಕೀಲ, ಎರಡನೇ ಹೆಂಡತಿಯನ್ನು ಮನೆಗೆ ತರುತ್ತಾನೆ, ಮೊದಲನೆಯವಳು ಮಕ್ಕಳೊಂದಿಗೆ ಹೊರಗೆ ಬೀಳುತ್ತಾಳೆ, ಜೀವನಾಂಶ ಕೇಳಿ ಕೋರ್ಟಿಗೆ ಹೋದಾಗ ತಲಾಖ್ ಎಸೆಯುತ್ತಾನೆ. ಸಂಭಾಷಣೆಯ ಉರ್ದು ಕೇಳಿ ಖಾಲಾ, ‘ಇವರು ಮಾತಾಡ್ತಾರಾ, ಮುಶಾಯಿರಾ ಮಾಡ್ತಾರಾ?’ ಎಂದರು. ಯಾಮಿ ಗೌತಮ್ ಚೆನ್ನಾಗಿ ಮಾಡಿದ್ದಾರೆ, ಕೋರ್ಟಿನಲ್ಲಿ ಮಾತಾಡುವಾಗ ನಮ್ಮ ಹಾಲ್‌ನಲ್ಲಿ ಯಾರೂ ಉಸಿರು ಬಿಡಲಿಲ್ಲ.

ಆದರೂ ನನ್ನ ತಕರಾರು ಇದೆ. ನಿಜವಾದ ಶಾಬಾನು ಇಂದೋರಿನವರು. 1932ರಲ್ಲಿ ಮದುವೆ, ಐದು ಮಕ್ಕಳು. 1978ರಲ್ಲಿ ತಲಾಖ್ ಆದಾಗ ಅವರಿಗೆ 62 ವರ್ಷ. ಅವರು ಕೇಳಿದ್ದು ತಿಂಗಳಿಗೆ 500 ರೂಪಾಯಿ. ಕೆಳಗಿನ ಕೋರ್ಟು ಕೊಟ್ಟದ್ದು 25 ರೂಪಾಯಿ, ಹೈಕೋರ್ಟು ಅದನ್ನು 179 ರೂಪಾಯಿ 20 ಪೈಸೆಗೆ ಏರಿಸಿತು. ಅದನ್ನೂ ಕೊಡಲಾರೆ ಎಂದು ಗಂಡ ಸುಪ್ರೀಂ ಕೋರ್ಟಿಗೆ ಹೋದದ್ದರಿಂದಲೇ 1985ರ ಎಪ್ರಿಲ್ 23ರ ತೀರ್ಪು ಬಂದದ್ದು. ಒಬ್ಬ ಅಜ್ಜಿಗೆ ತಿಂಗಳಿಗೆ 179 ರೂಪಾಯಿ! ಈ ಮೊತ್ತವೇ ಇಡೀ ಕಥೆ. ಸಿನೆಮಾದವರು ಆ ಅಜ್ಜಿಯ ಜಾಗದಲ್ಲಿ ಚಂದದ ತರುಣಿಯನ್ನು ತಂದು ಕೂರಿಸಿದರು. ಪ್ರೀತಿ ಮುರಿದ ಕಥೆ ಆಯಿತು, ನಾಲ್ಕು ದಶಕ ಅಡುಗೆಮನೆಯಲ್ಲಿ ಕಳೆದವಳನ್ನು ಬೀದಿಗೆ ಹಾಕಿದ ಕಥೆ ಹಿಂದಕ್ಕೆ ಸರಿಯಿತು. ತೀರ್ಪು ಬಂದ ಮೇಲೆ ಸುತ್ತಲಿನ ಒತ್ತಡದಲ್ಲಿ ಆ ಹೆಂಗಸೇ ಅದು ತನಗೆ ಬೇಡ ಎಂದು ಹೇಳಬೇಕಾಯಿತಲ್ಲ, ಆ ರಾತ್ರಿಗಳು ಅವರಿಗೆ ಹೇಗಿದ್ದಿರಬಹುದು? ಅದನ್ನು ಯಾರಾದರೂ ಸಿನೆಮಾ ಮಾಡಲಿ, ನಾನು ದುಡ್ಡು ಕೊಟ್ಟು ನೋಡುತ್ತೇನೆ.

ಮತ್ತೊಂದು ಸಂಗತಿ. ನಮ್ಮನ್ನು ಕೇಳದೆ ಚಿತ್ರ ಮಾಡಿದ್ದಾರೆ ಎಂದು ಶಾಬಾನು ಅವರ ಮಗಳು ಬಿಡುಗಡೆಗೆ ಮುಂಚೆ ಹೈಕೋರ್ಟಿಗೆ ಹೋಗಿದ್ದರು. ಅರ್ಜಿ ವಜಾ ಆಯಿತು. ಕಾನೂನು ಏನೇ ಇರಲಿ, ಹೆಂಗಸಿನ ಹಕ್ಕಿನ ಕಥೆ ಹೇಳುವಾಗ ಆ ಮನೆಯ ಹೆಂಗಸನ್ನು ಒಂದು ಮಾತು ಕೇಳಬಾರದೇ?

ಆ ರಾತ್ರಿ ಬಾಗಿಲ ಬಳಿ ಕೂತು ನೋಡುತ್ತಿದ್ದವಳು ಖಾಲಾರ ತಂಗಿಯ ಮಗಳು. ಮದುವೆಯಾಗಿ ಚಿಂತಾಮಣಿಗೆ ಹೋದವಳು, ಎರಡು ವರ್ಷದಿಂದ ತವರಿನಲ್ಲಿದ್ದಾಳೆ, ಒಂದು ಹೆಣ್ಣು ಮಗು. ಗಂಡ ಕರೆಯುವುದೂ ಇಲ್ಲ, ತಲಾಖ್ ಕೊಡುವುದೂ ಇಲ್ಲ. ಹಿರಿಯರ ಬಳಿ ಹೋದಾಗಲೆಲ್ಲ ಸಿಗುವ ಉತ್ತರ ‘ಸಬರ್’. ಮುರುಗಮಲ್ಲದ ದರ್ಗಾಕ್ಕೆ ಹರಕೆ ಹೊತ್ತದ್ದೂ ಆಗಿದೆ. ಹಗಲಿಡೀ ಬೇಸಿನ್ ಮುಂದೆ ಕೂತು ಅವಳ ಬೆರಳ ತುದಿಗಳು ಬೆಂದು ಬೆಳ್ಳಗಾಗಿರುತ್ತವೆ. ಸಿನೆಮಾ ಮುಗಿದು ಎಲ್ಲರೂ ಏಳುವಾಗ ಅವಳು ಕೇಳಿದಳು: ‘ಭಾಯ್, ಇದರಲ್ಲಿ ಹೇಳಿದ 125 ಇವತ್ತೂ ಇದೆಯಾ, ಇಲ್ಲ ಫಿಲ್ಮಿಗೆ ಮಾತ್ರವಾ?’

ಚಿಕ್ಕಬಳ್ಳಾಪುರದಲ್ಲಿರುವ ಪರಿಚಯದ ವಕೀಲರಿಗೆ ಮರುದಿನ ಫೋನು ಮಾಡಿದೆ. ನಮ್ಮ ಓದುಗರಿಗೂ ಉಪಯೋಗಕ್ಕೆ ಬರಬಹುದು ಎಂದು ಬರೆಯುತ್ತಿದ್ದೇನೆ. ಹಳೆ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 144ನೇ ಕಲಂ. ಸಾಮರ್ಥ್ಯವಿದ್ದೂ ಹೆಂಡತಿ-ಮಕ್ಕಳನ್ನು ನೋಡಿಕೊಳ್ಳದ ಗಂಡನ ಮೇಲೆ ಯಾವ ಧರ್ಮದ ಹೆಂಗಸೂ ಅರ್ಜಿ ಹಾಕಬಹುದು, ತಾನು ವಾಸವಿರುವ ಊರಿನಲ್ಲೇ ಹಾಕಬಹುದು. ತಲಾಖ್ ಆಗಿಲ್ಲದವಳಿಗೆ ಯಾವ ಗೊಂದಲವೂ ಇಲ್ಲ. ತಲಾಖ್ ಆದವಳ ವಿಚಾರದಲ್ಲಿ 1986ರ ಕಾಯ್ದೆ ಬಂತು, 2001ರ ಡೇನಿಯಲ್ ಲತೀಫಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಇದ್ದತ್ ಅವಧಿಯೊಳಗೆ ಅವಳ ಮುಂದಿನ ಬದುಕಿಗೂ ಆಗುವಷ್ಟು ಏರ್ಪಾಡು ಮಾಡಬೇಕು ಎಂದು ಆ ಕಾಯ್ದೆಯನ್ನು ಅರ್ಥೈಸಿತು. 2024ರ ಜುಲೈ 10ರಂದು, ತಲಾಖ್ ಆದ ಮುಸ್ಲಿಂ ಮಹಿಳೆಗೂ 125ರ ದಾರಿ ತೆರೆದೇ ಇದೆ ಎಂದು ಮತ್ತೆ ಹೇಳಿತು. ವಕೀಲರ ಫೀಸಿಗೆ ದುಡ್ಡಿಲ್ಲ ಎನ್ನುವ ಚಿಂತೆಯೂ ಬೇಡ. ಕಾನೂನು ಸೇವೆಗಳ ಪ್ರಾಧಿಕಾರದ ಕಾಯ್ದೆಯಂತೆ ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ಉಚಿತ ನೆರವು ಇದೆ. ತಾಲೂಕು ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿ ಎಲ್ಲಿ ಎಂದು ಕೇಳಿದರೆ ತೋರಿಸುತ್ತಾರೆ.

ಅವಳಿಗೆ ಇದನ್ನೆಲ್ಲ ಹೇಳಿದ ವಾರವೇ ಗೆಳೆಯರೊಬ್ಬರ ಬಳಿ ಇದ್ದ ‘ಹಸೀನಾ’ದ ಹಳೆಯ ಡಿವಿಡಿ ತಂದು ಹಾಕಿದೆ. ಗಿರೀಶ್ ಕಾಸರವಳ್ಳಿ 2004ರಲ್ಲಿ ಮಾಡಿದ್ದು, ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ತಂದುಕೊಟ್ಟದ್ದು. ಮೂಲ ಬಾನು ಮುಷ್ತಾಕ್ ಅವರ ‘ಕರಿ ನಾಗರಗಳು’ ಕಥೆ. 2025ರಲ್ಲಿ ಬಾನು ಅವರಿಗೆ ಅಂತಾರಾಷ್ಟ್ರೀಯ ಬೂಕರ್ ಬಂದಾಗ ಅಭಿನಂದನೆ ಹೇಳಿದ ನಮ್ಮವರಲ್ಲಿ ಎಷ್ಟು ಮಂದಿ ಆ ಕಥೆ ಓದಿದ್ದರೋ! ಸಾಲಾಗಿ ಹೆಣ್ಣು ಹೆತ್ತಳೆಂದು ಆಟೋ ಓಡಿಸುವ ಗಂಡ ಬಿಟ್ಟುಹೋಗುತ್ತಾನೆ, ಅವಳು ಮುತವಲ್ಲಿಯ ಬಳಿ ನ್ಯಾಯ ಕೇಳುತ್ತಾಳೆ, ಸಿಗದಾಗ ಮಕ್ಕಳನ್ನು ಕಟ್ಟಿಕೊಂಡು ಮಸೀದಿಯ ಮುಂದೆ ಕೂತುಬಿಡುತ್ತಾಳೆ. ‘ಹಕ್’ನಲ್ಲಿರುವ ಮಾತುಗಾರಿಕೆ ಇಲ್ಲಿಲ್ಲ. ಸುಮ್ಮನೆ ಕೂರುವುದು ಅಷ್ಟೇ. ನನಗೆ ಇದೇ ಹೆಚ್ಚು ನಿಜ ಅನ್ನಿಸಿತು, ಯಾಕೆಂದರೆ ಇಲ್ಲಿ ಹೆಂಗಸು ಕೇಳುವುದು ದೀನು ಕೊಟ್ಟದ್ದನ್ನೇ, ತಡೆಯುವುದು ಕಮಿಟಿಯ ಕುರ್ಚಿ. ಖಾಲಾ ಅರ್ಧದಲ್ಲಿ ಏಳಲಿಲ್ಲ. ‘ಹೌ, ನಮ್ಮ ಗಲ್ಲಿದೇ ತೆಗೆದಿದಾರೆ’ ಎಂದರು.

ಇನ್ನು ನಮ್ಮ ಭಾಷೆಯ ಮಾತು. ಉಮ್ಮ ಒಂದೇ ಸಮನೆ ಕೇಳುತ್ತಿದ್ದದ್ದು ‘ಬ್ಯಾರಿ’ ಸಿನೆಮಾ. ಎಷ್ಟು ಹುಡುಕಿದರೂ ನೋಡುವಂಥ ಪ್ರತಿ ನನ್ನ ಕೈಗೆ ಸಿಗಲಿಲ್ಲ. ಪ್ರಶಸ್ತಿ ಬಂದ ಹೊಸತರಲ್ಲಿ ಮಂಗಳೂರಿನಲ್ಲಿ ನಾನು ನೋಡಿದ್ದೆ. ಬ್ಯಾರಿ ಭಾಷೆಯ ಮೊದಲ ಚಲನಚಿತ್ರ, ನಿರ್ದೇಶಕ ಸುವೀರನ್, 2011ರ ಸಾಲಿನ ಸ್ವರ್ಣ ಕಮಲವನ್ನು ಮರಾಠಿಯ ‘ದೇಊಳ್’ ಜೊತೆ ಹಂಚಿಕೊಂಡಿತು. ನಾದಿರಾ ಪಾತ್ರದ ಮಲ್ಲಿಕಾ ಅವರಿಗೂ ವಿಶೇಷ ಉಲ್ಲೇಖ ಸಿಕ್ಕಿತು. ಅವತ್ತು ನಾವೆಲ್ಲ ಎದೆ ಉಬ್ಬಿಸಿಕೊಂಡು ತಿರುಗಿದ್ದು ಸುಳ್ಳಲ್ಲ. ನೋಡಿದಾಗ ನನ್ನ ಕಿವಿಗೆ ಕೆಲವು ಕಡೆ ಅದು ಬ್ಯಾರಿಗಿಂತ ಮಲಯಾಳಂ ಕಡೆಗೇ ವಾಲಿದಂತೆ ಕೇಳಿಸಿತು. ಉಳ್ಳಾಲದ ಮೀನು ಮಾರ್ಕೆಟಿನಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ.

ಅದಕ್ಕಿಂತ ದೊಡ್ಡ ನೋವು ಬೇರೆ. ತಂದೆಯ ದುಡ್ಡಿನ ಜಗಳಕ್ಕೆ ಗಂಡನಿಂದ ಬೇರ್ಪಟ್ಟ ಹುಡುಗಿ, ಮತ್ತೆ ಅವನನ್ನು ಸೇರಬೇಕಾದರೆ ಒಂದು ರಾತ್ರಿಗೆ ಇನ್ನೊಬ್ಬನನ್ನು ಮದುವೆಯಾಗಬೇಕು ಎಂಬ ಮಾತು, ಕೊನೆಗೆ ಮಸೀದಿಯ ಕೆರೆ. ಇದು ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಎಂದು ಓದಿದವರಿಗೆಲ್ಲ ಗೊತ್ತಾಯಿತು. 1981ರಲ್ಲಿ ‘ಲಂಕೇಶ್ ಪತ್ರಿಕೆ’ಯಲ್ಲಿ ಬಂದ ಕಾದಂಬರಿ, ಬರೆದದ್ದಕ್ಕೆ ಸಾರಾ ಕೇಳಿಸಿಕೊಂಡದ್ದು ಕಡಿಮೆಯಲ್ಲ. ಅನುಮತಿ ಕೇಳದೆ ಚಿತ್ರ ಮಾಡಿದರೆಂದು ಅವರು ಕೋರ್ಟಿಗೆ ಹೋದರು, ಮಂಗಳೂರಿನ ನ್ಯಾಯಾಲಯ ಅವರ ಪರವಾಗಿ ತೀರ್ಪು ಕೊಟ್ಟಿತು. 2023ರ ಜನವರಿಯಲ್ಲಿ ಅವರು ತೀರಿಕೊಂಡರು. ನಮ್ಮ ಭಾಷೆಗೆ ಸಿಕ್ಕಿದ ದೊಡ್ಡ ಗೌರವದಲ್ಲಿ ಅದರ ಕಥೆ ಬರೆದ ಹೆಂಗಸಿಗೆ ಪಾಲು ಸಿಗಲಿಲ್ಲ. ‘ಹಕ್’ನವರನ್ನು ಕೇಳುವ ಪ್ರಶ್ನೆಯನ್ನು ನಾವು ನಮ್ಮ ಮನೆಯೊಳಗೂ ಕೇಳಬೇಕಲ್ಲ?

ಉಳಿದವುಗಳ ಬಗ್ಗೆ ಚುಟುಕಾಗಿ. ‘ಡೇರ್‌ಡೆವಿಲ್ ಮುಸ್ತಫಾ’ ಮಕ್ಕಳ ಜೊತೆ ನೋಡಲು ಹೇಳಿ ಮಾಡಿಸಿದ್ದು. ತೇಜಸ್ವಿ ಕಥೆಯನ್ನು ಅವರ ನೂರು ಮಂದಿ ಅಭಿಮಾನಿಗಳೇ ದುಡ್ಡು ಹಾಕಿ ಮಾಡಿದ 2023ರ ಚಿತ್ರ. ಕಾಲೇಜಿಗೆ ಬರುವ ಮುಸ್ಲಿಂ ಹುಡುಗನ ಬಗ್ಗೆ ಉಳಿದವರು ಕಟ್ಟಿಕೊಳ್ಳುವ ಕಲ್ಪನೆಗಳು ನಗು ತರಿಸುತ್ತವೆ, ನಗುತ್ತಲೇ ಸ್ವಲ್ಪ ಚುಚ್ಚುತ್ತವೆ. ನನ್ನ ಮಗಳು ಎರಡು ಸಲ ನೋಡಿದಳು. ನೀರಜ್ ಘಯ್ವಾನ್ ಅವರ ‘ಹೋಮ್‌ಬೌಂಡ್’ ಉಮ್ಮನಿಗೆ ತೋರಿಸಲಿಲ್ಲ, ನಾನೊಬ್ಬನೇ ನೋಡಿದೆ. ಒಬ್ಬ ಮುಸ್ಲಿಂ, ಒಬ್ಬ ದಲಿತ ಗೆಳೆಯ, 2020ರ ಲಾಕ್‌ಡೌನ್‌ನಲ್ಲಿ ಸೂರತ್‌ನಿಂದ ಊರಿಗೆ ಹೊರಟದ್ದು. ನಡೆದ ಘಟನೆಯ ಆಧಾರ. ಒಂದು ಆಫೀಸಿನಲ್ಲಿ ಅವನು ತುಂಬಿಟ್ಟ ನೀರಿನ ಬಾಟಲಿ ಮುಟ್ಟದ ದೃಶ್ಯವಿದೆ, ಕೊನೆಯ ಸಾವಿಗಿಂತ ಅದೇ ನನ್ನನ್ನು ಹೆಚ್ಚು ಕಾಡಿತು. ‘ಗುಲಾಬಿ ಟಾಕೀಸ್’ ಬಗ್ಗೆ ಇನ್ನೊಮ್ಮೆ ಬರೆಯುವೆ, ನಮ್ಮ ಕರಾವಳಿಯ ಆ ಸೂಲಗಿತ್ತಿಗೆ ನಾಲ್ಕು ಸಾಲು ಸಾಲದು.

ಉಮ್ಮ ಉಳ್ಳಾಲಕ್ಕೆ ಮರಳಿದ್ದಾರೆ. ಫೋನು ಮಾಡಿದಾಗ ಸಿನೆಮಾ ವಿಷಯಕ್ಕಿಂತ ಮೊದಲು ಕೇಳುವುದು ಖಾಲಾರ ತಂಗಿಯ ಮಗಳನ್ನು. ನಿಕಾಹ್‌ನಾಮೆ ಗಂಡನ ಮನೆಯಲ್ಲಿ ಉಳಿದಿತ್ತು, ಮಸೀದಿಯ ರಿಜಿಸ್ಟರಿನಿಂದ ನಕಲು ತೆಗೆಸಲು ಮೂರು ಸಲ ಚಿಂತಾಮಣಿಗೆ ಹೋಗಿಬಂದಳು. ಅರ್ಜಿ ಹಾಕಿದ್ದಾಳೆ. ಮೊದಲ ವಾಯಿದೆಗೆ ಗಂಡ ಬರಲಿಲ್ಲ. ಎರಡನೆಯದು ಮುಂದಿನ ತಿಂಗಳು.