ಸುಂಕವನ್ನು ತೆರುವವರು ಯಾರು?

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂಬುದು ನಮ್ಮ ಹಿರಿಯರ ಅನುಭವದ ಮಾತು. ಆ ಸುಂಕದವನು ಈಗ ಊರಬಾಗಿಲನ್ನು ಬಿಟ್ಟು ರಾಷ್ಟ್ರಗಳ ಬಂದರುಗಳಲ್ಲಿ ಮತ್ತೆ ಕುಳಿತಿದ್ದಾನೆ. ಅವನು ಮರಳಿ ಬಂದುದೇಕೆಂಬುದನ್ನೂ ಅವನಿಗೆ ಹಣ ತೆರುವವರು ಯಾರೆಂಬುದನ್ನೂ ಈ ಹೊತ್ತು ವಿಚಾರಮಾಡೋಣ.

ಪರದೇಶದ ಸರಕಿನ ಮೇಲಣ ಸುಂಕವನ್ನು ಪರದೇಶದವರೇ ತೆರುವರೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ವಾಸ್ತವವಾಗಿ ಅದನ್ನು ಕಟ್ಟುವವನು ಸರಕನ್ನು ತರಿಸಿಕೊಳ್ಳುವ ವರ್ತಕ. ಸಾಧ್ಯವಾದಷ್ಟನ್ನೂ ಅವನು ಬೆಲೆಗೆ ಸೇರಿಸುತ್ತಾನೆ. 2018ರಲ್ಲಿ ಅಮೆರಿಕವು ಬಟ್ಟೆ ಒಗೆಯುವ ಯಂತ್ರಗಳಿಗೆ ಸುಂಕ ಹಾಕಿದಾಗ ಅವುಗಳ ಬೆಲೆ ಏರಿತು. ಅವುಗಳ ಜೊತೆಯಲ್ಲಿ ಮಾರಾಟವಾಗುವ, ಸುಂಕವೇ ಇಲ್ಲದ, ಬಟ್ಟೆ ಒಣಗಿಸುವ ಯಂತ್ರಗಳ ಬೆಲೆಯೂ ಏರಿತು.

ಒಬ್ಬರ ಗೋಡೆ ಇನ್ನೊಬ್ಬರ ಗೋಡೆಯನ್ನು ಎಬ್ಬಿಸುತ್ತದೆ. 1930ರಲ್ಲಿ ಸಾವಿರಕ್ಕೂ ಹೆಚ್ಚು ಅರ್ಥಶಾಸ್ತ್ರಜ್ಞರು ಬೇಡವೆಂದರೂ ಅಧ್ಯಕ್ಷ ಹೂವರ್ ಸ್ಮೂಟ್-ಹಾಲಿ ಶಾಸನಕ್ಕೆ ಸಹಿ ಹಾಕಿದರು. ಕೆನಡಾ ಮೊದಲಾದ ದೇಶಗಳು ಪ್ರತಿಸುಂಕ ಹಾಕಿದವು. 1929ರಿಂದ 1933ರೊಳಗೆ ಪ್ರಪಂಚದ ವ್ಯಾಪಾರದ ಮೌಲ್ಯವು ಸುಮಾರು ಮೂರರಲ್ಲಿ ಒಂದು ಪಾಲಿಗೆ ಕುಸಿಯಿತು. ಅದಕ್ಕೆ ಮೂಲಕಾರಣ ಆರ್ಥಿಕ ಮುಗ್ಗಟ್ಟು. ಸುಂಕವು ಆ ಗಾಯಕ್ಕೆ ಉಪ್ಪಾಯಿತು. ಈ ಪಾಠವನ್ನು ಕಲಿತು 1947ರಲ್ಲಿ ಭಾರತವೂ ಸೇರಿದಂತೆ 23 ದೇಶಗಳು ಜಿನೀವಾದಲ್ಲಿ ಸುಂಕಗಳನ್ನು ತಗ್ಗಿಸುವ ಒಪ್ಪಂದವನ್ನು ಮಾಡಿಕೊಂಡವು. 1995ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಹುಟ್ಟಿತು.

ಹಾಗಾದರೆ ಗೋಡೆಗಳು ಮತ್ತೆ ಎದ್ದುದೇಕೆ? ಅಗ್ಗದ ಸರಕಿನ ಲಾಭ ಕೋಟಿಜನರಿಗೆ ಚೂರುಚೂರಾಗಿ ಹಂಚಿಹೋಯಿತು. ನಷ್ಟವಾದರೋ ಕಾರ್ಖಾನೆ ಮುಚ್ಚಿದ ಊರುಗಳ ಮೇಲೆ ಒಟ್ಟಾಗಿ ಬಿದ್ದಿತು. ಲಾಭ ಪಡೆದವರು ಸುಮ್ಮನಿದ್ದರು. ಕೆಲಸ ಕಳೆದುಕೊಂಡವರು ಸುಮ್ಮನಿರಲಿಲ್ಲ. 2018ರಲ್ಲಿ ಅಮೆರಿಕವು ಉಕ್ಕಿಗೆ ಶೇಕಡ 25ರ ಸುಂಕ ವಿಧಿಸಿತು. ಚೀನಾದೊಡನೆ ಜಗಳ ಬೆಳೆದು, ಚೀನಾ ಅಮೆರಿಕದ ಸೋಯಾ ಅವರೆಗೆ ಅಷ್ಟೇ ಸುಂಕ ಹಾಕಿತು. ಪೆಟ್ಟು ತಿಂದವನು ಅಮೆರಿಕದ ರೈತ. 2025ರ ಆಗಸ್ಟಿನಲ್ಲಿ ಭಾರತದ ಅನೇಕ ಸರಕುಗಳಿಗೆ ಅಮೆರಿಕದ ಸುಂಕವು ಶೇಕಡ 50ನ್ನು ಮುಟ್ಟಿತು.

ನಮಗೂ ಈ ಪ್ರಶ್ನೆ ಹೊಸದಲ್ಲ. 1930ರ ದಶಕದಲ್ಲಿ ಅಗ್ಗದ ವಿದೇಶಿ ರೇಷ್ಮೆಯು ಮೈಸೂರು ಸೀಮೆಯ ರೇಷ್ಮೆಗಾರರನ್ನು ಕಂಗೆಡಿಸಿದಾಗ, 1934ರಲ್ಲಿ ಭಾರತದಲ್ಲಿ ರಕ್ಷಣಾ ಸುಂಕ ಬಂದಿತು. ಹುಳು ಸಾಕುವವನಿಗೆ ಅದು ಆಸರೆ. ನೂಲು ಕೊಳ್ಳುವ ನೇಕಾರನಿಗೆ ಹೊರೆ. ಇಬ್ಬರೂ ನಮ್ಮವರೇ. ಆದುದರಿಂದ ಸ್ವದೇಶಾಭಿಮಾನದ ಹೆಸರಿನಲ್ಲಿ ಸುಂಕವನ್ನು ಏರಿಸುವಾಗಲೆಲ್ಲ ನಾವು ಎರಡು ಪ್ರಶ್ನೆಗಳನ್ನು ಕೇಳಬೇಕು: ಈ ಆಸರೆ ಎಷ್ಟು ಕಾಲದವರೆಗೆ? ಅದರ ಬೆಲೆಯನ್ನು ನಮ್ಮವರಲ್ಲಿ ಯಾರು ತೆರುತ್ತಾರೆ?