ಹಾಲಿನ ಬೈಕಿನ ಪೆಟ್ರೋಲ್ ಕಾಕ್: ಆನ್, ರಿಸರ್ವ್, ಆಫ್



ಬೆಳಿಗ್ಗೆ ಡೇರಿಯ ಮುಂದೆ ನಿಂತ ಗಾಡಿಗಳನ್ನು ಒಮ್ಮೆ ನೋಡಿ. ಹದಿನೈದು ಇಪ್ಪತ್ತು ವರ್ಷ ಕಂಡ ಬೈಕುಗಳು ನಾಲ್ಕಾರಾದರೂ ಇರುತ್ತವೆ. ಹೀರೋ ಹೋಂಡಾ ಸ್ಪ್ಲೆಂಡರ್, ಸಿಡಿ ಹಂಡ್ರೆಡ್, ಬಜಾಜ್ ಬಾಕ್ಸರ್, ಅಲ್ಲೊಂದು ಇಲ್ಲೊಂದು ನಮ್ಮ ಮೈಸೂರಿನಲ್ಲೇ ತಯಾರಾದ ಯೆಜ್ಡಿ. ಮಗನ ಹೊಸ ಬೈಕು ಪೇಟೆಗೆ, ಅಪ್ಪನ ಹಳೆಯ ಬೈಕು ಹಾಲಿಗೆ, ಹುಲ್ಲಿಗೆ, ಬೂಸಾ ಮೂಟೆಗೆ. ಇಂಥ ಗಾಡಿಗಳಲ್ಲಿ ಪೆಟ್ರೋಲ್ ತೋರಿಸುವ ಮುಳ್ಳು ಮೊದಲಿಂದಲೇ ಇರುವುದಿಲ್ಲ, ಇದ್ದರೂ ಅಲ್ಲಾಡದೆ ಎಷ್ಟೋ ವರ್ಷವಾಗಿರುತ್ತದೆ. ಪೆಟ್ರೋಲ್ ಮುಗಿಯುತ್ತಿದೆ ಎಂದು ನಿಮಗೆ ಹೇಳುವುದು ಟ್ಯಾಂಕಿನ ಕೆಳಗೆ, ಸಾಮಾನ್ಯವಾಗಿ ಎಡಗಾಲಿನ ಬದಿಗೆ ಇರುವ ಆ ಪುಟ್ಟ ಕಾಕ್ ಮಾತ್ರ. ಅದನ್ನು ಹೇಗೆ ಇಡುತ್ತೀರಿ ಎಂಬುದರ ಮೇಲೆ ನಿಮ್ಮ ಎಂಜಿನ್ನಿನ ಆಯುಸ್ಸು ನಿಂತಿದೆ, ಕೆಲವು ದಿನ ನಿಮ್ಮ ಒಂದು ಹೊತ್ತಿನ ಹಾಲಿನ ಬಟವಾಡೆಯೂ ನಿಂತಿದೆ.

ರಿಸರ್ವ್ ಎಂದರೆ ಟ್ಯಾಂಕಿನೊಳಗೆ ಬೇರೊಂದು ಚಿಕ್ಕ ಟ್ಯಾಂಕ್ ಇದೆ ಎಂದು ತಿಳಿದವರು ಬಹಳ ಜನ. ಹಾಗೇನೂ ಇಲ್ಲ. ಬಚ್ಚಲ ಹಂಡೆಯೊಂದಕ್ಕೆ ತಳದಿಂದ ನಾಲ್ಕು ಬೆರಳು ಮೇಲೆ ಒಂದು ತೂತು, ತಳದಲ್ಲೇ ಇನ್ನೊಂದು ತೂತು ಮಾಡಿದ್ದೀರಿ ಎಂದುಕೊಳ್ಳಿ. ಮೇಲಿನ ತೂತಿನಿಂದ ನೀರು ಬರುವುದು ನಿಂತರೂ ಹಂಡೆ ಬರಿದಾಗಿರುವುದಿಲ್ಲ, ತಳದ ತೂತು ಬಿಟ್ಟರೆ ಉಳಿದದ್ದೂ ಬರುತ್ತದೆ. ಪೆಟ್ರೋಲ್ ಕಾಕಿನ ಒಳಗುಟ್ಟು ಇಷ್ಟೇ. ಟ್ಯಾಂಕಿನೊಳಗೆ ಕಾಕಿನಿಂದ ಒಂದು ಸಣ್ಣ ಕೊಳವೆ ಮೇಲಕ್ಕೆ ಎದ್ದು ನಿಂತಿರುತ್ತದೆ. ಲಿವರ್ ಆನ್‌ನಲ್ಲಿದ್ದಾಗ ಪೆಟ್ರೋಲ್ ಆ ಕೊಳವೆಯ ತುದಿಯಿಂದ ಮಾತ್ರ ಇಳಿಯುತ್ತದೆ. ಮಟ್ಟ ಆ ತುದಿಗಿಂತ ಕೆಳಗಾದ ಕೂಡಲೇ ಬೈಕು ಎಳೆದೆಳೆದು ಓಡುತ್ತದೆ, ಕೆಮ್ಮುತ್ತದೆ. ಆಗ ರಿಸರ್ವ್‌ಗೆ ತಿರುಗಿಸಿದರೆ ತಳದಲ್ಲಿ ಉಳಿದ ಪೆಟ್ರೋಲ್ ಬರುತ್ತದೆ. ಆಫ್ ಮಾಡಿದರೆ ಎರಡೂ ದಾರಿ ಬಂದ್.

ಹಾಗಾದರೆ ಸದಾ ರಿಸರ್ವ್‌ನಲ್ಲೇ ಇಟ್ಟರೆ ಏನು ತೊಂದರೆ? ಟ್ಯಾಂಕ್ ತುಂಬಿದ್ದಾಗ ಓಟದಲ್ಲಿ ಏನೂ ವ್ಯತ್ಯಾಸ ಕಾಣುವುದಿಲ್ಲ, ಪೆಟ್ರೋಲೂ ಹೆಚ್ಚು ಕುಡಿಯುವುದಿಲ್ಲ. ಆದರೆ ಎಚ್ಚರಿಕೆಯ ಕೆಮ್ಮು ಬರುವುದೇ ಇಲ್ಲ. ಕೊನೆಯ ಹನಿ ಮುಗಿದಾಗ ಗಾಡಿ ನಿಂತೇ ಬಿಡುತ್ತದೆ, ತಿರುಗಿಸಲು ಮುಂದೆ ಯಾವ ಜಾಗವೂ ಉಳಿದಿರುವುದಿಲ್ಲ. ಬಂಕ್‌ನಲ್ಲಿ ಪೆಟ್ರೋಲ್ ಹಾಕಿಸಿ, ದುಡ್ಡು ಕೊಟ್ಟು, ಲಿವರನ್ನು ಆನ್‌ಗೆ ತಿರುಗಿಸುವುದನ್ನು ಮರೆತು ಬರುವುದರಿಂದಲೇ ಮುಕ್ಕಾಲು ಪಾಲು ಇಂಥ ಫಜೀತಿ ಆಗುವುದು. ಮುಚ್ಚಳ ಹಾಕಿದ ಕೈಯಲ್ಲೇ ಕಾಕ್ ತಿರುಗಿಸುವ ಅಭ್ಯಾಸ ಮಾಡಿಕೊಳ್ಳಿ.

ನಿಲ್ಲುವುದು ಎಲ್ಲಿ ಎಂಬುದೂ ಮುಖ್ಯ. ಸಂಜೆ ಪೇಟೆಯಲ್ಲಿ ನಿಂತರೆ ತಳ್ಳಿಕೊಂಡು ಬರಬಹುದು. ಬೆಳಿಗ್ಗೆ ಆರಕ್ಕೆ ತೋಟದ ಮನೆಯಿಂದ ಎರಡು ಕ್ಯಾನ್ ಕಟ್ಟಿಕೊಂಡು ಹೊರಟಾಗ ನಿಂತರೆ ಲೆಕ್ಕ ಬೇರೆ. ಆಗ ತಾನೇ ಕರೆದ ಹಾಲು ಹಸುವಿನ ಮೈಯಷ್ಟೇ, ಅಂದರೆ ಸುಮಾರು 38 ಡಿಗ್ರಿ ಬೆಚ್ಚಗಿರುತ್ತದೆ. ಸೂಕ್ಷ್ಮಾಣುಗಳಿಗೆ ಇದಕ್ಕಿಂತ ಹಿತವಾದ ಜಾಗ ಬೇರೆ ಬೇಕಿಲ್ಲ. ಹಾಲು ಬೇಗ ಶೀತಲೀಕರಣ ಘಟಕ ಸೇರಿ 4 ಡಿಗ್ರಿಗೆ ಇಳಿಯಬೇಕು ಎಂದು ಮತ್ತೆ ಮತ್ತೆ ಹೇಳುವುದು ಇದಕ್ಕೇ. ಬೇಸಿಗೆಯಲ್ಲಿ ಕ್ಯಾನ್ ದಾರಿಯಲ್ಲಿ ಗಂಟೆಗಟ್ಟಲೆ ನಿಂತರೆ ಹಾಲು ಹುಳಿಯ ಕಡೆಗೆ ತಿರುಗುತ್ತದೆ. ಅಷ್ಟರಲ್ಲಿ ಸಂಘದಲ್ಲಿ ಹಾಲು ತೆಗೆದುಕೊಳ್ಳುವ ಹೊತ್ತೂ ಮುಗಿದಿರುತ್ತದೆ.

ಇನ್ನು ಆಫ್ ವಿಷಯಕ್ಕೆ ಬರೋಣ. ರಾತ್ರಿ ಗಾಡಿ ನಿಲ್ಲಿಸಿದಾಗ ಕಾಕ್ ಆಫ್ ಮಾಡುವವರು ಈಗ ಕಡಿಮೆ. ಹಿರಿಯರು ಮಾಡುತ್ತಿದ್ದರು, ಅವರು ಮಾಡುತ್ತಿದ್ದುದೇ ಸರಿ. ಕಾರ್ಬುರೇಟರಿನ ಕೆಳಗಿನ ಬಟ್ಟಲಿನಲ್ಲಿ ಪೆಟ್ರೋಲ್ ಒಂದು ಮಟ್ಟಕ್ಕೆ ಬಂದಾಗ ತೇಲುವ ಫ್ಲೋಟ್ ಮೇಲೆದ್ದು ಸೂಜಿಯಂಥ ಒಂದು ಕಡ್ಡಿಯಿಂದ ದಾರಿ ಮುಚ್ಚುತ್ತದೆ. ನೀರಿನ ಟ್ಯಾಂಕಿನ ಬಾಲ್ ವಾಲ್ವ್ ಇದ್ದಂತೆ. ವರ್ಷಗಳು ಕಳೆದಂತೆ ಆ ಸೂಜಿಯ ತುದಿ ಸವೆಯುತ್ತದೆ, ಇಲ್ಲವೇ ಒಂದು ಕಸದ ಚೂರು ಅಡ್ಡ ಸಿಕ್ಕುತ್ತದೆ. ಕಾಕ್ ತೆರೆದೇ ಇದ್ದರೆ ರಾತ್ರಿಯಿಡೀ ಪೆಟ್ರೋಲ್ ಇಳಿಯುತ್ತಲೇ ಇರುತ್ತದೆ. ಹೆಚ್ಚಾದದ್ದು ಒಂದು ಸಣ್ಣ ಪೈಪಿನಲ್ಲಿ ನೆಲಕ್ಕೆ ಹರಿಯಬೇಕು. ಆದರೆ ಗದ್ದೆ ದಾರಿಯಲ್ಲಿ ಓಡಾಡುವ ಗಾಡಿಯ ಆ ಪೈಪಿನ ಬಾಯಿಗೆ ಕೆಸರು ಕಟ್ಟಿರುವುದೇ ಹೆಚ್ಚು. ಆಗ ಪೆಟ್ರೋಲ್ ಎಂಜಿನ್ ಒಳಗೆ ಹೋಗಿ ಆಯಿಲ್ ಜೊತೆ ಬೆರೆಯುತ್ತದೆ. 100 ಸಿಸಿ ಬೈಕಿನಲ್ಲಿ ಇರುವುದೇ ಒಂದು ಲೀಟರ್ ಆಸುಪಾಸಿನ ಆಯಿಲ್. ಅದು ತೆಳುವಾದರೆ ಪಿಸ್ಟನ್, ಬೇರಿಂಗ್ ಸವೆತ ಶುರುವಾಯಿತೆಂದೇ ಲೆಕ್ಕ. ಆಯಿಲ್ ನೋಡುವ ಕಡ್ಡಿಯನ್ನು ತೆಗೆದು ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ, ಅಥವಾ ನೀವು ಹಾಕದೆಯೇ ಆಯಿಲ್ ಮಟ್ಟ ಏರಿದ್ದರೆ, ಗಾಡಿ ಸ್ಟಾರ್ಟ್ ಮಾಡದೆ ಮೆಕ್ಯಾನಿಕ್‌ಗೆ ತೋರಿಸಿ. ಆಯಿಲ್ ಬದಲಿಸಲೇಬೇಕು, ಸೂಜಿಯನ್ನೂ ನೋಡಿಸಬೇಕು.

ಪೆಟ್ರೋಲ್ ನೆಲಕ್ಕೇ ಸೋರಿದರೆ ಆಯಿಲ್ ಉಳಿಯಿತು ಎಂದು ಸಮಾಧಾನ ಪಡುವಂತಿಲ್ಲ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಬೈಕು ರಾತ್ರಿ ನಿಲ್ಲುವುದು ಕೊಟ್ಟಿಗೆಯ ಮೂಲೆಯಲ್ಲಿ, ಒಣಹುಲ್ಲಿನ ಪಕ್ಕದಲ್ಲಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಮೇಲಕ್ಕೆ ಹಾರಿ ಹೋಗದೆ ನೆಲಮಟ್ಟದಲ್ಲೇ ಹರಡುತ್ತದೆ. ಸೊಳ್ಳೆ ಓಡಿಸಲು ಹೊಗೆ ಹಾಕುವ ಕೊಟ್ಟಿಗೆಯಲ್ಲಿ ಇದು ಎಂಥ ಅಪಾಯ ಎಂದು ಬಿಡಿಸಿ ಹೇಳಬೇಕಿಲ್ಲ. ಕಟ್ಟಿದ ದನ ಓಡಲಾರದು. ಗಾಡಿಯನ್ನು ಹೊರಗಿನ ಚಪ್ಪರದಲ್ಲಿ ನಿಲ್ಲಿಸಿ, ಕಾಕ್ ಆಫ್ ಮಾಡಿ. ಇನ್ನೊಂದು ಮಾತು: ಹಾಲಿನ ಕೊಬ್ಬು ಸುತ್ತಲಿನ ವಾಸನೆಯನ್ನು ಬೇಗ ಹೀರಿಕೊಳ್ಳುತ್ತದೆ. ಕಾಕ್ ಸೋರಿ ಕೈಗೆ ಪೆಟ್ರೋಲ್ ತಾಗಿದ್ದರೆ ಸೋಪು ಹಾಕಿ ತೊಳೆಯದೆ ಕೆಚ್ಚಲಿಗೆ ಕೈ ಹಾಕಬೇಡಿ, ಕ್ಯಾನಿನ ಮುಚ್ಚಳವನ್ನೂ ಮುಟ್ಟಬೇಡಿ. ಸಂಘದಲ್ಲಿ ಹಾಲನ್ನು ಮೊದಲು ಪರೀಕ್ಷಿಸುವುದು ಮೂಗು.

ರಾತ್ರಿ ಆಫ್ ಮಾಡಿದವರು ಬೆಳಿಗ್ಗೆ ಆನ್ ಮಾಡಲು ಮರೆಯುವುದುಂಟು. ಆದರೂ ಗಾಡಿ ಒಂದೇ ಒದೆತಕ್ಕೆ ಸ್ಟಾರ್ಟ್ ಆಗುತ್ತದೆ, ಏಕೆಂದರೆ ಕಾರ್ಬುರೇಟರಿನ ಬಟ್ಟಲಿನಲ್ಲಿ ಇನ್ನೂ ಸ್ವಲ್ಪ ಪೆಟ್ರೋಲ್ ಇರುತ್ತದೆ. ಮನೆಯಿಂದ ಕೆಲವು ಫರ್ಲಾಂಗು, ಹೆಚ್ಚೆಂದರೆ ಒಂದು ಕಿಲೋಮೀಟರ್ ಆಸುಪಾಸು ಹೋಗಿ ನಿಲ್ಲುತ್ತದೆ. ಅದು ಸರಿಯಾಗಿ ಹೆದ್ದಾರಿ ದಾಟುವ ಜಾಗವಾಗಿಬಿಟ್ಟರೆ? ಕ್ಯಾನ್ ಕಟ್ಟುವ ಮೊದಲೇ ಕಾಕ್ ಮುಟ್ಟಿ ನೋಡಿ. ಅವಸರದಲ್ಲಿ ಅದೇ ಬದಿಯಲ್ಲಿರುವ ಚೋಕ್ ಕಡ್ಡಿಯನ್ನು ಎಳೆದು ಕಾಕ್ ತಿರುಗಿಸಿದೆ ಎಂದುಕೊಳ್ಳುವವರೂ ಇದ್ದಾರೆ, ಹೊಸದಾಗಿ ಗಾಡಿ ಕಲಿತ ಮಕ್ಕಳಿಗೆ ಎರಡನ್ನೂ ತೋರಿಸಿಕೊಡಿ.

ಲಿವರ್ ಯಾವ ಕಡೆಗಿದ್ದರೆ ಏನು? ಅನೇಕ ಗಾಡಿಗಳಲ್ಲಿ ಕೆಳಗೆ ತೋರಿದರೆ ಆನ್, ಅಡ್ಡ ಇದ್ದರೆ ಆಫ್, ಮೇಲಕ್ಕೆ ತೋರಿದರೆ ರಿಸರ್ವ್. ಎಲ್ಲ ಗಾಡಿಗೂ ಇದೇ ನಿಯಮ ಅಲ್ಲ, ಕಾಕ್ ಬದಲಿಸಿದ ಗಾಡಿಗಳಲ್ಲಂತೂ ನಂಬುವಂತಿಲ್ಲ. ಕಾಕಿನ ಮೇಲಿನ ಅಕ್ಷರ ಅಳಿಸಿದ್ದರೆ ಮೆಕ್ಯಾನಿಕ್ ಬಳಿ ಒಮ್ಮೆ ಪೈಪ್ ಬಿಚ್ಚಿಸಿ ಖಚಿತ ಮಾಡಿಕೊಂಡು, ಆನ್ ಇರುವ ಜಾಗಕ್ಕೆ ಬಿಳಿ ಬಣ್ಣದ ಒಂದು ಚುಕ್ಕೆ ಇಡಿ. ಮನೆಯವರು ಉಗುರಿಗೆ ಹಚ್ಚುವ ಬಣ್ಣವೂ ಆದೀತು.

ಆನ್ ಮಟ್ಟ ಬದಲಾಗದ ಗುರುತಾದ್ದರಿಂದ ಮೈಲೇಜ್ ಅಳೆಯಲೂ ಅದು ಉಪಯೋಗಕ್ಕೆ ಬರುತ್ತದೆ. ಬಂಕ್ ಹತ್ತಿರವಿರುವಾಗ ಗಾಡಿ ರಿಸರ್ವ್‌ಗೆ ಬಂದರೆ, ಎರಡು ಲೀಟರ್ ಹಾಕಿಸಿ, ಆನ್‌ಗೆ ತಿರುಗಿಸಿ, ಕಿಲೋಮೀಟರ್ ಬರೆದಿಡಿ. ಮತ್ತೆ ಕೆಮ್ಮುವವರೆಗೆ ಎಷ್ಟು ಓಡಿತೋ ಅದರ ಅರ್ಧ ಒಂದು ಲೀಟರಿನ ಲೆಕ್ಕ. ಮೀಟರ್ ಕೆಟ್ಟಿದ್ದರೆ ಡೇರಿಗೆ ಹೋಗಿ ಬಂದ ಸುತ್ತುಗಳನ್ನೇ ಎಣಿಸಿ.

ಟ್ಯಾಂಕಿನಲ್ಲಿ ಪೆಟ್ರೋಲ್ ಇದ್ದು, ಕಾಕ್ ಆನ್ ಇದ್ದೂ ಗಾಡಿ ನಿಂತರೆ ಮುಚ್ಚಳ ತೆಗೆದು ನೋಡಿ. ಬುಸ್ ಎಂದು ಗಾಳಿ ಒಳಗೆಳೆದುಕೊಂಡು, ಆಮೇಲೆ ಸ್ಟಾರ್ಟ್ ಆದರೆ ಮುಚ್ಚಳದ ಗಾಳಿ ತೂತು ಕಟ್ಟಿದೆ ಎಂದರ್ಥ. ಮಳೆಗಾಲದಲ್ಲಿ ನೀರು ಇಳಿಯದಿರಲೆಂದು ಮುಚ್ಚಳಕ್ಕೆ ಪ್ಲಾಸ್ಟಿಕ್ ಬಿಗಿದವರಲ್ಲಿ ಇದು ಸಾಮಾನ್ಯ.

ಟ್ಯಾಂಕಿನ ನೀರು, ತುಕ್ಕು, ಕಸ ಎಲ್ಲ ತಳ ಸೇರುತ್ತವೆ. ರಿಸರ್ವ್ ಎಳೆಯುವುದು ಆ ತಳದಿಂದಲೇ. ಹಾಗಾಗಿ ಯಾವಾಗಲೋ ಒಮ್ಮೆ ರಿಸರ್ವ್‌ಗೆ ಬಂದ ಹಳೆಯ ಗಾಡಿ ಸ್ವಲ್ಪ ತಡವರಿಸುವುದುಂಟು. 2023ರಿಂದ ಬಂಕ್‌ಗಳಿಗೆ ಬರತೊಡಗಿದ ಶೇ. 20 ಎಥನಾಲ್ ಬೆರೆತ ಪೆಟ್ರೋಲ್ ನೀರಿನ ಪಸೆಯನ್ನು ಹೆಚ್ಚು ಹಿಡಿಯುತ್ತದೆ, ಹಳೆಯ ರಬ್ಬರ್ ವಾಷರ್‌ಗಳಿಗೂ ಒಗ್ಗದಿರಬಹುದು. ಕಾಕಿನ ಕೆಳಗೆ ಚಿಕ್ಕ ಬಟ್ಟಲು ಇದ್ದರೆ ಸರ್ವಿಸ್ ಮಾಡಿಸುವಾಗ ಬಿಚ್ಚಿಸಿ ತೊಳೆಸಿ, ವಾಷರ್ ಗಟ್ಟಿಯಾಗಿದ್ದರೆ ಅಥವಾ ಉಬ್ಬಿದ್ದರೆ ಬದಲಿಸಿ. ಬದಲಿಸಿದ ದಿನ ರಾತ್ರಿ ಕಾಕಿನ ಕೆಳಗೆ ಒಂದು ಒಣ ರಟ್ಟು ಹಾಸಿಡಿ. ಬೆಳಿಗ್ಗೆ ಅದರಲ್ಲಿ ಕಲೆ ಕಂಡರೆ ಗಾಡಿಯನ್ನು ಅದೇ ಮೆಕ್ಯಾನಿಕ್ ಬಳಿಗೆ ವಾಪಸ್ ಒಯ್ಯಿರಿ.